ಒಂದೇ ಹುಲ್ಲು, ಒಂದೇ ದಿಬ್ಬ

ಹಸು ಆ ಹುಲ್ಲನ್ನು ತಿಂದಿತೋ ಇಲ್ಲವೋ, ಈಗ ನನಗೆ ಖಚಿತವಿಲ್ಲ. ಮೂಸಿ ಮುಖ ತಿರುಗಿಸಿತೆಂದು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಒಮ್ಮೊಮ್ಮೆ ಅದು ನಿಶ್ಚಿಂತೆಯಿಂದ ಮೆಲ್ಲುತ್ತಿದ್ದ ಚಿತ್ರವೂ ಕಣ್ಣ ಮುಂದೆ ಬರುತ್ತದೆ. ಒಂದರಲ್ಲಿ ಹಸು ಕೆಂಪು, ಇನ್ನೊಂದರಲ್ಲಿ ಬಿಳಿ. ದೊಡ್ಡಮ್ಮ ಬಿಳಿ ಹಸು ಸಾಕಿದ್ದಳೇ ಎಂದು ಕೇಳಲು ಈಗ ಯಾರೂ ಇಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನಲ್ಲಿ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಲು ಸೇರಿ ವರ್ಷವಾಗಿದ್ದರೂ ನನಗೆ ವಿಷಯವೇ ಇರಲಿಲ್ಲ. ಇರಲಿಲ್ಲ ಎನ್ನುವುದಕ್ಕಿಂತ ವಿಪರೀತ ಇದ್ದವು. ಮೊದಲು 'ಕೋಲಾರ ಜಿಲ್ಲೆಯ ಸಸ್ಯಸಂಪತ್ತು' ಎಂದು ಬರೆದುಕೊಟ್ಟೆ. ಆಮೇಲೆ 'ಚಿನ್ನದ ಗಣಿ ಪ್ರದೇಶದ ಗಿಡಗಳು' ಎಂದೆ. ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಹಾಳೆಯನ್ನು ಹಿಂದಕ್ಕೆ ತಳ್ಳಿ, "ಇದು ವಿಷಯವಲ್ಲಪ್ಪ, ಜಿಲ್ಲೆಯ ನಕ್ಷೆ. ಸೋಮವಾರ ಒಂದೇ ಒಂದು ವಾಕ್ಯ ತನ್ನಿ. ಆಗದಿದ್ದರೆ ಹೇಳಿಬಿಡಿ, ನಿಮ್ಮ ಜಾಗಕ್ಕೆ ಇನ್ನೊಬ್ಬರು ಕಾದಿದ್ದಾರೆ" ಎಂದರು. ಗದರಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಶನಿವಾರ ರೈಲು ಹತ್ತಿ ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಚಿನ್ನದ ಗಣಿಯ ಉರಿಗಾಂನಲ್ಲಿ ಇಳಿದೆ. ಅಲ್ಲಿಂದ ಒಂದು ಮೈಲಿ ನಡೆದರೆ ದೊಡ್ಡಮ್ಮನ ಊರು. ಎರಡು ಹಸು ಕಟ್ಟಿ, ಗಣಿ ಕೆಲಸದವರ ಲೈನುಮನೆಗಳಿಗೆ ಹಾಲು ಹಾಕುತ್ತಿದ್ದಳು. ಲೈನಿನಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ನನ್ನೊಡನೆ ಕನ್ನಡ. ಬಹುಶಃ ಆಷಾಢವಿರಬೇಕು. ಚಿನ್ನ ತೆಗೆದ ಮೇಲೆ ಉಳಿದ ಮರಳನ್ನು ಸುರಿದ ಬೂದುಬಣ್ಣದ ಸೈನೈಡ್ ದಿಬ್ಬದಿಂದ ಪುಡಿ ಎದ್ದು ಹಲ್ಲಿನ ಸಂದಿಯಲ್ಲೂ ಕರಕರ ಎನ್ನುತ್ತಿತ್ತು.

ಹುಲ್ಲು ಕೊಳ್ಳುವಾಗ ದೊಡ್ಡಮ್ಮನಿಗೊಂದು ಪದ್ಧತಿಯಿತ್ತು. ಅಂಗೈ ಒದ್ದೆ ಮಾಡಿಕೊಂಡು ಹೊರೆಯನ್ನು ಬಡಿಯುವುದು. ಬೂದು ಪುಡಿ ಅಂಟಿದರೆ ಅದು ದಿಬ್ಬದ ಕಡೆಯದು, ಬೇಡ. ತೊಳೆದರೂ ಹಸು ಮುಟ್ಟುವುದಿಲ್ಲ ಎನ್ನುತ್ತಿದ್ದಳು. ಯಾರೇನು ಹೇಳಿದರೂ 'ಅದು ಹೇಗೆ ಗೊತ್ತು?' ಎನ್ನುವ ಚಾಳಿ ನನ್ನದು. ಭಾನುವಾರ ಬೆಳಿಗ್ಗೆ ದಿಬ್ಬದ ಬುಡದಿಂದ ಒಂದು ಕಟ್ಟು, ಕೆರೆ ಏರಿಯಿಂದ ಒಂದು ಕಟ್ಟು ಕೊಯ್ದು ತಂದು, ಎರಡನ್ನೂ ತೊಳೆದು ಒಂದು ಹಸುವಿನ ಮುಂದಿಟ್ಟೆ.

"ಇದೇನ್ಲಾ, ಅಸುಗೆ ಎರಡು ಎಲೆ ಆಕಿ ಊಟ ಬಡಿಸ್ತಾ ಇದೀಯಾ?" ಹಾಲಿನ ಕ್ಯಾನು ಇಳಿಸುತ್ತಾ ದೊಡ್ಡಮ್ಮ ಕೇಳಿದಳು.

"ಪರೀಕ್ಷೆ ದೊಡ್ಡಮ್ಮ. ದಿಬ್ಬದ ಹುಲ್ಲು ತಿನ್ನಲ್ಲ ಅಂತೀಯಲ್ಲ, ನಿಜವಾ ಅಂತ."

"ನಾನು ಯೋಳಿದ್ರೆ ಸಾಲ್ದಾ? ಅಸುನೇ ಬಂದು ಸಾಕ್ಷಿ ಯೋಳ್ಬೇಕಾ?"

"ಹೇಳಿದ್ದನ್ನೆಲ್ಲ ನಂಬಿದ್ರೆ ಅದು ಸಂಶೋಧನೆ ಆಗಲ್ಲ."

"ಓ, ಅಂಗಾ!" ಕುಕ್ಕರಗಾಲಲ್ಲಿ ಕೂತು ಎರಡು ಕಟ್ಟನ್ನೂ ಬಿಚ್ಚಿದಳು. "ಇದು ಏರೀದು. ಎಲ್ಲಾ ಗರಿಕೆ, ಎಳೇದು. ನಿನ್ ದಿಬ್ಬದ್ದು ನೋಡು, ಅರ್ಧ ಗರಿಕೆ, ಅರ್ಧ ಬಲ್ತೋಗಿರೋ ಒರಟು ಕರಡದ ಉಲ್ಲು. ಇದನ್ನ ಅಸು ಬಿಟ್ರೆ ತಪ್ಪು ದಿಬ್ಬದ್ದಾ, ಕರಡದ್ದಾ? ಗಿಡದ ಓದು ಓದಿದೋನು ನೀನು ಕಣ್ಲಾ!"

ಹೇಳಿ ನಗತೊಡಗಿದಳು. ಒಂದು ವರ್ಷ ಗ್ರಂಥಾಲಯದಲ್ಲಿ ಕೂತ ನಾನು ಎರಡು ಕಟ್ಟಿನಲ್ಲಿ ಏನಿದೆಯೆಂದೇ ನೋಡಿರಲಿಲ್ಲ. ದೊಡ್ಡಮ್ಮ ನಗುವುದನ್ನು ನಿಲ್ಲಿಸಿ ಹೇಳಿದಳು: "ಒಂದೇ ಉಲ್ಲು ತಗಾ. ದಿಬ್ಬದ ಬುಡದಾಗೆ ಒಂದಿಡಿ, ಅತ್ತು ಮಾರು ಆಚೆಗೆ ಒಂದಿಡಿ, ಇನ್ನತ್ತು ಮಾರು ಆಚೆಗೆ ಇನ್ನೊಂದಿಡಿ. ದೂರ ಒಂದೇ ಬೇರೆ ಇರ್ಲಿ. ಆಮೇಲೆ ಕೇಳು ನಿನ್ ಅಸೂನ."

ಸೋಮವಾರ ನಾನು ಕೊಟ್ಟ ವಾಕ್ಯದಲ್ಲಿ ಹಸು ಇರಲಿಲ್ಲ. ಒಂದು ಸೈನೈಡ್ ದಿಬ್ಬದ ಒಂದು ಮಗ್ಗುಲಲ್ಲಿ, ಬುಡದಿಂದ ದೂರ ಹೋದಂತೆ ಗರಿಕೆಯ ಬೇರು ಮತ್ತು ಎಲೆಗಳಲ್ಲಿ ಆಗುವ ವ್ಯತ್ಯಾಸ, ಅಷ್ಟೆ. ಮೇಷ್ಟ್ರು ಎರಡು ಸಲ ಓದಿ, "ಒಂದೇ ಹುಲ್ಲು ಸಾಕಾ?" ಎಂದರು. ಸಾಕು ಎಂದೆ. ಅವರು ಸಹಿ ಹಾಕಿದರು. ಆ ಒಂದು ಹುಲ್ಲು ನಾಲ್ಕು ವರ್ಷ ನನ್ನನ್ನು ಹಿಡಿದು ಕೂರಿಸಿತು. ಅದಕ್ಕೆ ಮೊದಲು ನಾಲ್ಕು ತಿಂಗಳು ಒಂದೇ ವಿಷಯ ಹಿಡಿದು ಕೂತವನಲ್ಲ ನಾನು.

ಪ್ರಬಂಧದ ಮೊದಲ ಪುಟದಲ್ಲಿ ಮೇಷ್ಟ್ರಿಗೆ, ವಿಭಾಗಕ್ಕೆ, ಟೈಪ್ ಮಾಡಿಕೊಟ್ಟವರಿಗೂ ಕೃತಜ್ಞತೆ ಹೇಳಿದ್ದೇನೆ. ದೊಡ್ಡಮ್ಮನಿಗೆ ಹೇಳಲಿಲ್ಲ. ಹಾಲು ಮಾರುವ ಹೆಂಗಸಿನ ಮಾತನ್ನು ಪ್ರಬಂಧದಲ್ಲಿ ಹೇಗೆ ಬರೆಯುವುದೆಂದು ತಿಳಿಯಲಿಲ್ಲ ಎಂದುಕೊಳ್ಳುತ್ತಿದ್ದೆ. ನಾಚಿಕೆಯಾಗಿತ್ತು ಎನ್ನುವುದು ಹೆಚ್ಚು ಸರಿ. ಅವಳು ತೀರಿಹೋದ ಮೇಲೆ ಈ ಕಥೆಯನ್ನು ವಿದ್ಯಾರ್ಥಿಗಳಿಗೆ ಹೇಳತೊಡಗಿದೆ. ಹೇಳುತ್ತಾ ಹೇಳುತ್ತಾ ಬೇರೊಂದು ಅನುಮಾನ ಹುಟ್ಟಿತು. ಅವಳು ಬರೀ ನಗಾಡಿದ್ದಳೋ, ಉಳಿದದ್ದನ್ನು ನಾನೇ ಯೋಚಿಸಿ, ಋಣದ ಭಾರಕ್ಕೆ ಆಮೇಲೆ ಅವಳ ಬಾಯಲ್ಲಿ ಹಾಕಿದೆನೋ? ನನ್ನ ನೆನಪನ್ನು ನಾನು ಬಲ್ಲೆ. ಅದು ಬಿಳಿ ಹಸುವನ್ನು ಕೆಂಪು ಮಾಡಬಲ್ಲದು.

ಕೊನೆಗೆ ಹಳೆಯ ಟ್ರಂಕು ಇಳಿಸಿ ಆಗಿನ ನೋಟ್‌ಬುಕ್ ಹುಡುಕಿದೆ. ಸಿಕ್ಕಿತು. ಹಸುವಿನ ಬಣ್ಣ ಅದರಲ್ಲಿಲ್ಲ. ಹುಲ್ಲು ತಿಂದಿತೇ ಎಂಬುದೂ ಇಲ್ಲ. ಆ ಭಾನುವಾರದ ಪುಟದಲ್ಲಿ ಪೆನ್ಸಿಲಿನಲ್ಲಿ, ನನ್ನದೇ ಅಕ್ಷರದಲ್ಲಿ ಇಷ್ಟಿದೆ: 'ಒಂದೇ ಹುಲ್ಲು, ಒಂದೇ ದಿಬ್ಬ, ದೂರ ಮಾತ್ರ ಬೇರೆ. ದೊಡ್ಡಮ್ಮ ಹೇಳಿದ್ದು.'