ಅಮ್ಮನ ಬಲಗಿವಿಗೆ ಹಾಡಿದ್ದು

ನನಗೆ ಮೆಲ್ಲಗೆ ಹಾಡಲು ಬರುತ್ತಲೇ ಇರಲಿಲ್ಲ. ಬರುವುದಾದರೂ ಹೇಗೆ? ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಅಪ್ಪನ ವಿದ್ಯುತ್ ಮಗ್ಗಗಳ ಶೆಡ್ಡು. ಅದರ ಪಕ್ಕದಲ್ಲಿ ನೂಲು ಇಡುವ ಕೋಣೆ. ನಾನು, ಡ್ರಮ್ಸ್ ಬಾರಿಸುವ ನನ್ನ ತಮ್ಮ, ಪೊಳ್ಳಾಚಿಯಿಂದ ಗಿಟಾರು ಹೊತ್ತು ಬಸ್ಸಿನಲ್ಲಿ ಬರುವ ಗೆಳತಿ, ಮೂವರೂ ಸೇರಿ ಪಂಕ್ ಬ್ಯಾಂಡು ಕಟ್ಟಿದ್ದು ಆ ಕೋಣೆಯಲ್ಲೇ. ಮಗ್ಗ ಓಡುವಾಗಲೇ ನಮ್ಮ ಅಭ್ಯಾಸ. ಮಗ್ಗ ನಿಂತಾಗ ಬಾರಿಸಿದರೆ ಬೀದಿಯವರೆಲ್ಲ ಬಂದು ಜಗಳ ತೆಗೆಯುತ್ತಿದ್ದರು. ಹಾಗಾಗಿ ಮಗ್ಗದ ಸದ್ದನ್ನು ಮೀರಿ ಕಿರುಚುವುದನ್ನೇ ನಾನು ಹಾಡು ಅಂದುಕೊಂಡಿದ್ದೆ.

ಕಾಲೇಜುಗಳಲ್ಲಿ ನಮ್ಮ ಕಿರುಚಾಟಕ್ಕೆ ಹುಡುಗರು ಹುಚ್ಚೆದ್ದು ಕುಣಿಯುತ್ತಿದ್ದರು. ಅಮ್ಮ ಮಾತ್ರ ಫೋನಿನಲ್ಲಿ ಒಂದು ವೀಡಿಯೋ ನೋಡಿ ಮುಖ ಕಿವುಚಿದ್ದಳು.

“ಏನ್ ಕಣ್ಣು, ಇಷ್ಟ್ ಗಲಾಟೆ? ಏನ್ ಹೇಳ್ತೀಯಂತ ಒಂದ್ ಮಾತೂ ಪುರಿಯಲ್ಲ.”

ನಮ್ಮ ಕಡೆ ಮಕ್ಕಳನ್ನು ಮುದ್ದಿಗೆ ‘ಕಣ್ಣು’ ಎನ್ನುತ್ತಾರೆ. ‘ಪುರಿಯಲ್ಲ’ ಎಂದರೆ ಅರ್ಥವಾಗಲ್ಲ. ತಮಿಳು ಬೆರೆಯದಿದ್ದರೆ ನಮ್ಮ ಮನೆಯ ಕನ್ನಡಕ್ಕೆ ರುಚಿಯೇ ಇಲ್ಲ. ಮಗ್ಗದ ಪಕ್ಕ ನಿಂತು ನಿಂತು ಅಮ್ಮನ ಎಡಗಿವಿ ಮಂದವಾಗಿದೆ, ಅದಕ್ಕೇ ಹಾಗಂದಳು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಳಗೊಳಗೆ ಬೇಜಾರಾಗಿತ್ತು.

ಅಂಥ ಹೊತ್ತಿನಲ್ಲಿ ಕೊಯಮತ್ತೂರಿನ ಒಬ್ಬ ಸಂಗೀತ ನಿರ್ಮಾಪಕರು ನಮ್ಮನ್ನು ಕರೆಸಿದರು. ಮೈಸೂರು ಕಡೆಯವರು, ಇಲ್ಲಿಯ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಸ್ಟುಡಿಯೋ ಇಟ್ಟುಕೊಂಡವರು. “ನಿಮ್ಮ ಬೆಂಕಿ ಹಾಗೇ ಇರಲಿ. ಗಲಾಟೆ ಕಮ್ಮಿ ಮಾಡಿ, ರಾಗ ಜಾಸ್ತಿ ಮಾಡೋಣ. ಕೇಳಿದವರು ಮನೆಗೆ ಹೋಗಿ ಗುನುಗಬೇಕು,” ಅಂದರು. ಆಲ್ಬಮ್! ನಮ್ಮದು! ಅಯ್ಯೋ, ಆ ದಿನ ನಾವು ಮೂವರು ಬಸ್ಸಿನಲ್ಲಿ ಮಾಡಿದ ಗದ್ದಲಕ್ಕೆ ಕಂಡಕ್ಟರು ಇಳಿಸಿಬಿಡುತ್ತೇನೆ ಅಂತ ಗದರಿಸಿದ್ದ.

ಮೊದಲ ದಿನವೇ ಮಾನ ಹೋಯಿತು. ಸ್ಟುಡಿಯೋ ಬಾಗಿಲು ಮುಚ್ಚಿದರು, ಗವ್ವೆನ್ನುವ ನಿಶ್ಶಬ್ದ, ಹಾಡು ಶುರುಮಾಡಲು ನಮಗೆ ಗೊತ್ತಾಗಲೇ ಇಲ್ಲ. ಒಂದು, ಎರಡು ಅಂತ ಎಣಿಸಿ ಶುರುಮಾಡಿದ ಅಭ್ಯಾಸವೇ ಇರಲಿಲ್ಲ. ತಾಳ ಹಾಕಲು ಮಗ್ಗ ಇತ್ತಲ್ಲ! ತಮ್ಮ ಕೋಲು ಹಿಡಿದು ಪಿಳಿಪಿಳಿ ನನ್ನ ಮುಖ ನೋಡಿದ. ಕೊನೆಗೆ ಅವನ ಕಿವಿಗೆ ಯಂತ್ರದ ಟಿಕ್ ಟಿಕ್ ಹಾಕಿಕೊಟ್ಟರು.

“ಅಕ್ಕಾ, ಇದಕ್ಕೆ ಉಸಿರೇ ಇಲ್ಲ,” ಅಂತ ಗೊಣಗಿಕೊಂಡೇ ಬಾರಿಸಿದ.

ನಿರ್ಮಾಪಕರೋ, ಸಾಮಾನ್ಯ ಮನುಷ್ಯರಲ್ಲ. ಫ್ಯಾನು ಆರಿಸಿದರು. ನನ್ನ ಬಳೆ ತೆಗೆಸಿದರು. ತಮ್ಮನ ಹೊಟ್ಟೆ ಗುರ್ ಅಂದದ್ದಕ್ಕೆ ಚೆನ್ನಾಗಿದ್ದ ಟೇಕನ್ನೇ ಅಳಿಸಿದರು. ಸಾಲುಗಳ ನಡುವೆ ನಾನು ಎಳೆದುಕೊಂಡ ಉಸಿರನ್ನೂ ಹುಡುಕಿ ಹುಡುಕಿ ಕತ್ತರಿಸಿದರು. ನಾನು ಅವರೊಂದಿಗೆ ಜಗಳವಾಡದ ದಿನವಿಲ್ಲ. ಆದರೆ ಸಂಜೆ ಕೇಳಿಸಿಕೊಂಡರೆ, ಇದು ನಾವೇನಾ ಅಂತ ಮೈ ಜುಮ್ಮೆನ್ನುತ್ತಿತ್ತು.

ಉಳಿದದ್ದು ಒಂದೇ ಹಾಡು, ನಮ್ಮ ಒಂದೇ ಒಂದು ಕನ್ನಡ ಹಾಡು. ನಾನೇ ತಮಿಳು ಲಿಪಿಯಲ್ಲಿ ಬರೆದುಕೊಂಡದ್ದು, ಅಮ್ಮನಿಗೆ ಅಂತ. ಅದರ ಕೊನೆಯ ಸಾಲು, “ಇಷ್ಟ್ ಕೂಗ್ತೀನಲ್ಲಮ್ಮ, ಕೇಳ್ತಾ ನಿಂಗೆ?” ಅದಕ್ಕೆ ಗೆಳತಿ ಗಿಟಾರಿನಲ್ಲಿ ತುಂಬ ಮೃದುವಾದ ರಾಗ ಹಾಕಿದ್ದಳು. ನಾನು ಬಾಯಿ ತೆರೆದೆ, ಎಲ್ಲ ಕೆಟ್ಟಿತು.

“ಕೂಗ್ತಿದೀರಿ. ಇನ್ನೊಂದು ಟೇಕ್.”

ದನಿ ತಗ್ಗಿಸಿದರೆ ಶ್ರುತಿ ಜಾರಿತು. ಏರಿಸಿದರೆ ಮತ್ತೆ ಅದೇ ಕಿರುಚಾಟ. ಮಧ್ಯಾಹ್ನದವರೆಗೂ ಅದೇ ಪಾಡು. ಕೊನೆಗೆ ಅವರು ಕನ್ನಡಕ ತೆಗೆದಿಟ್ಟು ಮೆಲ್ಲಗೆ ಅಂದರು, “ಬೇಜಾರು ಮಾಡ್ಕೋಬೇಡಿ. ನನಗೆ ಗೊತ್ತಿರೋ ಒಬ್ಬ ಗಾಯಕಿ ನಾಳೆ ಬರ್ತಾರೆ. ಇದೊಂದನ್ನ ಅವರು ಹಾಡಲಿ.”

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಅಮ್ಮನನ್ನು ಇನ್ಯಾರೋ ಬಂದು ಅಮ್ಮಾ ಅನ್ನುವುದೇ? ಧಡಾರನೆ ಬಾಗಿಲು ತಳ್ಳಿ ಹೊರಗೆ ಬಂದೆ. ಆಲ್ಬಮ್ಮೂ ಬೇಡ, ಏನೂ ಬೇಡ, ಮನೆಗೆ ಬರುತ್ತೇನೆ ಎನ್ನಲು ಅಮ್ಮನಿಗೆ ಫೋನು ಮಾಡಿದೆ. ಅವಳು ಶೆಡ್ಡಿನಲ್ಲೇ ಇದ್ದಳು. ಹಿಂದೆ ಮಗ್ಗಗಳು ಧಡಧಡ ಓಡುತ್ತಿದ್ದವು.

“ಅಮ್ಮಾ, ಕೇಳ್ತಾ? ಹೊರಗ್ ಬಂದ್ ಮಾತಾಡು!”

“ಕೇಳ್ತದೆ ಕಣ್ಣು. ಬಲಗಿವೀಲಿ ಇಟ್ಕೊಂಡಿದೀನಿ. ನೀ ಯಾಕ್ ಕಿರುಚ್ತೀಯ?”

ಅವಳು ಕಿರುಚುತ್ತಿರಲಿಲ್ಲ. ಎಂದಿನಂತೆ ಬಾಯಿಗೆ ಅಂಗೈ ಮರೆಮಾಡಿದ್ದಿರಬೇಕು, ದನಿ ತಗ್ಗಿಸಿ ಆಡುತ್ತಿದ್ದಳು. ಅಷ್ಟು ಸದ್ದಿನಲ್ಲೂ ಒಂದೊಂದು ಅಕ್ಷರವೂ ನನ್ನನ್ನು ಮುಟ್ಟುತ್ತಿತ್ತು. ನಾನು ನಿಂತಲ್ಲೇ ನಿಂತೆ. ಹೌದಲ್ಲ! ಶೆಡ್ಡಿನಲ್ಲಿ ಯಾರು ಕಿರುಚುತ್ತಾರೆ? ಹೊಸಬರು ಮಾತ್ರ. ನಮ್ಮವರು ಹತ್ತಿರ ಹೋಗಿ, ಕಿವಿಗೆ ಬಾಯಿಟ್ಟು, ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಹಸಿವು, ಜ್ವರ, ಲೆಕ್ಕದಲ್ಲಿ ಫೇಲಾದದ್ದು, ಎಲ್ಲವನ್ನೂ ನಾನು ತುದಿಗಾಲಲ್ಲಿ ನಿಂತು ಆ ಬಲಗಿವಿಗೇ ಹೇಳಿದ್ದೆ. ಮೈಕು ಕೈಗೆ ಬಂದಮೇಲೆ ಅದನ್ನೇ ಮರೆತಿದ್ದೆ.

ಒಳಗೆ ಓಡಿದೆ. “ಸಾರ್, ಆ ಗಾಯಕಿಗೆ ಬರಬೇಡಿ ಅನ್ನಿ! ನನಗೆ ಮಗ್ಗದ ಸದ್ದು ಬೇಕು. ಅದರೊಳಗೆ ಹಾಡ್ತೀನಿ.”

ಫ್ಯಾನಿನ ಸದ್ದನ್ನೇ ಸಹಿಸದ ಮನುಷ್ಯ. ಬೈಯುತ್ತಾರೆ ಅಂದುಕೊಂಡೆ. ಅವರು ಕಾರಿನ ಕೀಲಿ ಎತ್ತಿಕೊಂಡರು. “ಅಲ್ಲಿಗೇ ಹೋಗೋಣ ನಡೀರಿ. ಆದರೆ ಒಪ್ಪಿಗೆ ಆಗದಿದ್ರೆ ನಾಳೆ ಅವರೇ ಹಾಡ್ತಾರೆ.”

ಶೆಡ್ಡಿಗೆ ಕಾಲಿಟ್ಟೊಡನೆ ಅವರು ಎರಡೂ ಕಿವಿ ಮುಚ್ಚಿಕೊಂಡರು. ಆಮೇಲೆ ನಿಧಾನಕ್ಕೆ ಕೈ ತೆಗೆದು ಆಲಿಸಿದರು. ಆಲಿಸಿ ಅಪ್ಪನಿಗೆ ಹೇಳಿದ್ದೇನು ಗೊತ್ತೇ? “ಆ ಮೂಲೆಯದು ಸ್ವಲ್ಪ ತಾಳ ತಪ್ತಿದೆ, ನಿಲ್ಲಿಸ್ತೀರಾ?”

ಅಪ್ಪನಿಗೆ ಸಿಟ್ಟು ಬಂತು. “ಅರ್ಜೆಂಟ್ ಆರ್ಡರ್ ಸಾರ್ ಅದು! ಬೇಕಾದ್ರೆ ನಿಮ್ ಪಾಟನ್ನ ಅದ್ರ ಸ್ಪೀಡಿಗೆ ಮಾಡ್ಕೊಳ್ಳಿ!”

ಅಪ್ಪನ ಬಾಯಲ್ಲಿ ಹಾಡು ಯಾವಾಗಲೂ ‘ಪಾಟು’. ತಮ್ಮ ಬಿದ್ದು ಬಿದ್ದು ನಕ್ಕ. ನಗುತ್ತಲೇ ಅವನ ಕಾಲು ಮಗ್ಗದ ಜೊತೆ ತಾನಾಗಿ ತಾಳ ಹಾಕತೊಡಗಿತ್ತು.

ನಿರ್ಮಾಪಕರು ಒಂದು ಪುಟ್ಟ ಮೈಕನ್ನು ನನ್ನ ಕೆನ್ನೆಗೆ ಅಂಟಿಸಿದರು. ಅಮ್ಮ ತುಂಡಾದ ಎಳೆ ಕಟ್ಟುತ್ತಿದ್ದಳು. ಅವಳ ಬಲಕ್ಕೆ ಹೋಗಿ ಹೆಗಲ ಮೇಲೆ ಕೈಯಿಟ್ಟೆ. ಈಗ ತುದಿಗಾಲಲ್ಲಿ ನಿಲ್ಲಬೇಕಿರಲಿಲ್ಲ, ನಾನೇ ಬಾಗಬೇಕಿತ್ತು. ಕಿವಿಗೆ ಬಾಯಿಟ್ಟು ಹಾಡಿದೆ. ದನಿ ಒಡೆಯಲಿಲ್ಲ, ಜಾರಲಿಲ್ಲ. ನನಗೇ ನಂಬಲಾಗಲಿಲ್ಲ. ಎಳೆಯ ಮೇಲಿದ್ದ ಅಮ್ಮನ ಬೆರಳು ಹಾಗೇ ನಿಂತಿತು.

ಕೊನೆಯ ಸಾಲು ಮುಗಿಯಿತು. ಶೆಡ್ಡಿನಲ್ಲಿ ಕೇಳಿದವರಿಗೆ ಉತ್ತರ ಕೊಡುವ ರೂಢಿಯಂತೆ ಅಮ್ಮ ತಿರುಗಿ, ನನ್ನ ಕಿವಿಗೆ ಬಾಯಿ ತಂದಳು.

“ಕೇಳ್ತು ಕಣ್ಣು. ಪೂರಾ ಪುರೀತು.”

ಅದು ಮೈಕಿಗೂ ಬಿದ್ದಿತ್ತು. ನನ್ನ ಉಸಿರನ್ನೂ ಬಿಡದೆ ಕತ್ತರಿಸಿದ್ದ ಆ ಮನುಷ್ಯ ಅಮ್ಮನ ಮಾತನ್ನು ಮುಟ್ಟಲಿಲ್ಲ. ನಮ್ಮ ಆಲ್ಬಮ್ ಮುಗಿಯುವುದು ಅವಳ ದನಿಯಲ್ಲಿ.