ವಸ್ತಾದರ ಎರಡು ಬೆರಳು

ಮಕ್ಕಳೇ, ಸವಣೂರಿನ ವಸ್ತಾದರು ಬಂದರೆಂದರೆ ನಮ್ಮೂರ ತಾಯಂದಿರು ಗಂಡುಮಕ್ಕಳನ್ನು ಬಚ್ಚಿಡುತ್ತಿದ್ದರು. ತಮ್ಮ ಗರಡಿಯ ತಾಲೀಮಿಗೆ ಕುಸ್ತಿಯ ಹುಡುಗರನ್ನು ಹುಡುಕುತ್ತ ಅವರು ಸುಗ್ಗಿ ಮುಗಿದ ಮೇಲೆ ಹಳ್ಳಿ ತಿರುಗುತ್ತಿದ್ದರು. ಗಟ್ಟಿ ಹುಡುಗ ಕಂಡರೆ, "ಕುತ್ತಿಗಿ ತೋರಸು ತಮ್ಮಾ" ಎಂದು ಎರಡು ಬೆರಳಿಟ್ಟು ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹಾಗೆ ಆರಿಸಿ ಒಯ್ದ ಹತ್ತಿಮತ್ತೂರಿನ ಹುಡುಗನೊಬ್ಬ ಕುಸ್ತಿ ಆಡುವಾಗ ಕುತ್ತಿಗೆ ಮುರಿದು ಸತ್ತಿದ್ದ.

ಆ ವರ್ಷ ಅವರು ನನ್ನ ತಮ್ಮನನ್ನು ನೋಡಲು ಬಂದರು. ಅವ್ವ ಗಾಬರಿಯಲ್ಲಿ ಅವನನ್ನು ಅಂಗಳದ ಹಗೇವಿಗೆ, ಜೋಳ ತುಂಬುವ ನೆಲದೊಳಗಿನ ಕುಣಿಗೆ ಇಳಿಸಿ ಕಲ್ಲು ಮುಚ್ಚಿದಳು. ಗಾಳಿಯಾಡದ ಹಗೇವಿಗೆ ಯಾರೂ ಇಳಿಯಬಾರದೆಂಬುದು ಅವಳಿಗೆ ಮರೆತೇ ಹೋಗಿತ್ತು.

"ಹುಡುಗ ಹಿರೇಕೆರೂರಿಗೆ ಹೋಗ್ಯಾನ್ರಿ."

"ಊರ ಹುಡುಗ್ರೆಲ್ಲಾ ಇವತ್ತ ಹಿರೇಕೆರೂರಿಗೇ ಹೋಗ್ಯಾರೇನ್ರಿ ಅಕ್ಕಾರ?" ವಸ್ತಾದರು ನಕ್ಕರು.

ನಾನು ಆ ಕಲ್ಲಿನ ಮೇಲೆ ಕುಳಿತಿದ್ದೆ. ಒಳಗೆ ಮೆಲ್ಲಗೆ ಕೇಳುತ್ತಿದ್ದ ತಮ್ಮನ ಕೆಮ್ಮು ನಿಂತುಹೋಯಿತು.

"ಅವ್ವಾ, ತಮ್ಮನ ಸಪ್ಪಳಾನ ಇಲ್ಲ."

ವಸ್ತಾದರು ನನ್ನನ್ನು ಎಬ್ಬಿಸಿದರು. ಕಲ್ಲು ಸರಿಸಿ, ಸೊಂಟಕ್ಕೆ ಹಗ್ಗ ಬಿಗಿದು, ತುದಿಯನ್ನು ಓಡಿಬಂದ ನೆರೆಯವರ ಕೈಗೆ ಕೊಟ್ಟು, ಉಸಿರು ಹಿಡಿದು ಇಳಿದರು. ಅವರು ಹೊತ್ತು ತಂದ ನನ್ನ ತಮ್ಮ ಒದ್ದೆ ಬಟ್ಟೆಯಂತೆ ಜೋಲುತ್ತಿದ್ದ. ಮಲಗಿಸಿ, ಅವನ ಕುತ್ತಿಗೆಗೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. ಇಷ್ಟು ವರ್ಷ ಹೆದರಿದ್ದ ಆ ಬೆರಳುಗಳನ್ನೇ ಅವ್ವ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ನಾಡಿ ಬಡೀತೈತ್ರಿ," ಎಂದರು. ಸ್ವಲ್ಪ ಹೊತ್ತಿಗೆ ತಮ್ಮ ಕೆಮ್ಮಿದ.

ಕುತ್ತಿಗೆ ಗಟ್ಟಿಯೋ ಅಲ್ಲವೋ ಅವರು ಹೇಳಲಿಲ್ಲ. ರುಮಾಲು ಕೊಡವಿ ಸುತ್ತಿಕೊಂಡು ಹೊರಟರು. ಮತ್ತೆ ಬರ್ರಿ ಎನ್ನಲೂ ಆಗದೆ, ಬರಬ್ಯಾಡ್ರಿ ಎನ್ನಲೂ ಆಗದೆ ಅವ್ವ ಬಾಗಿಲಲ್ಲೇ ನಿಂತಿದ್ದಳು.