ಗೂರಲಜ್ಜನ ಕೆಮ್ಮು

ಹಲ್ಲಿನ ಸೆಟ್ಟು ಮಾಡಿ ಹೊಟ್ಟೆ ಹೊರೆಯುತ್ತಿದ್ದ ಅವನನ್ನು ಗೆಳೆಯರ ಬಳಗ ಡಾಕ್ಟರ್ ಎಂದು ಕರೆಯುತ್ತಿತ್ತು. ಅವನು ಡಾಕ್ಟರನೇನೂ ಆಗಿರಲಿಲ್ಲ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಇವನು ಮನೆಯ ಹಿಂಬದಿಯ ಕೋಣೆಯಲ್ಲಿ ಕೂತು ಅದಕ್ಕೆ ಹೊಂದುವ ಹಲ್ಲು ಕೂರಿಸಿ ಕೊಡುತ್ತಿದ್ದ, ಅಷ್ಟೇ. ಮೊದಮೊದಲು ಗೆಳೆಯರನ್ನು ತಿದ್ದಬೇಕು ಅಂದುಕೊಂಡ. ಆಮೇಲೆ ಕಿವಿಗೆ ಹಿತವಾಗಿಯೇ ಇದೆಯಲ್ಲ ಎಂದು ಬಾಯಿಗೆ ಬೀಗ ಹಾಕಿಕೊಂಡ. ಓದದೆ ಬರೆಯದೆ ಪದವಿಯೊಂದು ಮನೆಬಾಗಿಲಿಗೆ ಬಂದರೆ ಯಾರು ತಾನೇ ಬೇಡ ಅಂದಾರು ಎಂಬುದು ಅವನ ಸಮಜಾಯಿಷಿ.

ಬಳಗವೆಂದರೆ ಹಳೆಯ ಔಟ್‌ಬೋರ್ಡ್ ಮೋಟಾರುಗಳ ಹುಚ್ಚು ಹಿಡಿದವರ ಬಳಗ. ದೋಣಿಯ ಹಿಂಬದಿಗೆ ನೇತುಹಾಕಿ, ತಲೆಯ ಮೇಲಿನ ಚಕ್ರಕ್ಕೆ ಹಗ್ಗ ಸುತ್ತಿ ಎಳೆದು ಚಾಲೂ ಮಾಡುವ ಮೋಟಾರುಗಳು ಅವು. ಈ ಮಹನೀಯರಲ್ಲಿ ಒಬ್ಬರಿಗೂ ದೋಣಿ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನೀರು ತುಂಬಿದ ಡ್ರಮ್ಮಿನ ಅಂಚಿಗೆ ಮೋಟಾರು ಸಿಕ್ಕಿಸಿ, ಅದು ಎಲ್ಲಿಗೂ ಹೋಗದೆ ಗುಡುಗುವುದನ್ನು ಸುತ್ತ ನಿಂತು ತಲೆದೂಗುತ್ತ ಕೇಳುವುದೇ ಅವರ ಜಲಯಾನ. ಡಾಕ್ಟರನಿಗಂತೂ ಈಜು ಬಾರದು. ಮಂಡಿ ಮೀರಿದ ನೀರು ಕಂಡರೆ ತಲೆ ಸುತ್ತುತ್ತಿತ್ತು.

ಆದರೆ ಮೋಟಾರಿನ ವಿಷಯಕ್ಕೆ ಬಂದರೆ ಒಬ್ಬರಿಗಿಂತ ಒಬ್ಬರು ಜೋರು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರಿಗೆ ‘ಬೆಳ್ಳಿತಲೆ’ಯೇ ಪ್ರಾಣ: ಮುಖ ನೋಡಿಕೊಂಡು ಗಡ್ಡ ಕೆರೆಯುವಷ್ಟು ಹೊಳೆಯುವ ಅಲ್ಯೂಮಿನಿಯಂ ಟ್ಯಾಂಕು ಅದರದು. ಬೇಕರಿಯವನು ಎರಡು ಸಿಲಿಂಡರಿನ ‘ಜೋಡೆತ್ತು’ ಬಿಟ್ಟರೆ ಬೇರೆಯದಕ್ಕೆ ಮೂಗು ಮುರಿಯುತ್ತಿದ್ದ. ನಮ್ಮ ಡಾಕ್ಟರನ ಮೆಚ್ಚಿನ ಮಾದರಿ ‘ಮೌನಿ’. ಮೈತುಂಬ ಮುಸುಕು ಹೊದ್ದ ಅದು ಓಡುವಾಗ ಪಕ್ಕದಲ್ಲಿ ನಿಂತು ಪಿಸುಮಾತು ಆಡಬಹುದಿತ್ತು. ಇಷ್ಟೆಲ್ಲ ಭಿನ್ನಾಭಿಪ್ರಾಯದ ನಡುವೆ ಬಳಗ ಒಕ್ಕೊರಲಿನಿಂದ ತಿರಸ್ಕರಿಸಿದ ಮಾದರಿಯೂ ಒಂದಿತ್ತು. ಅಗ್ಗದ ಎರಕದ, ಒಂದೇ ಸಿಲಿಂಡರಿನ, ಹುಟ್ಟಿದಂದಿನಿಂದ ಉಬ್ಬಸ ಹಿಡಿದ ಆ ಮೋಟಾರಿಗೆ ಅವರು ಇಟ್ಟ ಹೆಸರು ‘ಗೂರಲಜ್ಜ’. ಅದನ್ನು ಇಟ್ಟುಕೊಂಡವನು ಬಳಗದೊಳಗೆ ಕಾಲಿಡುವಂತಿರಲಿಲ್ಲ.

ಡಾಕ್ಟರನ ಭಾವನ ಬಳಿ ಇದ್ದದ್ದು ಗೂರಲಜ್ಜ.

ಭಾವ, ಅಂದರೆ ಅಕ್ಕನ ಗಂಡ, ಸರೋವರದ ಆಚೆ ದಡದ ಮನೆಗಳಿಗೆ ದೋಣಿಯಲ್ಲಿ ಸಾಮಾನು ಸಾಗಿಸುತ್ತಿದ್ದವರು. ಹಿಟ್ಟಿನ ಚೀಲ, ಗ್ಯಾಸ್ ಸಿಲಿಂಡರು, ಒಮ್ಮೊಮ್ಮೆ ಮಂಚ, ಕುರ್ಚಿ. ಹುಚ್ಚಿಗಾಗಿ ಅಲ್ಲ, ಹೊಟ್ಟೆಪಾಡಿಗಾಗಿ ಮೋಟಾರು ಇಟ್ಟುಕೊಂಡ ಮನುಷ್ಯ ಅವರು. “ಭಾವ, ಅದನ್ನ ಗುಜರಿಗೆ ಹಾಕಿ, ನಿಮಗೊಂದು ಒಳ್ಳೇದು ಕೊಡಿಸ್ತೀನಿ” ಎಂದು ಡಾಕ್ಟರ್ ಹೋದಾಗಲೆಲ್ಲ ಹೇಳುತ್ತಿದ್ದ. “ನಡೀತಾ ಇದೆಯಲ್ಲ ಮಾರಾಯ” ಎಂದು ಭಾವ ಅಷ್ಟೇ ಸಲ ಅನ್ನುತ್ತಿದ್ದರು. ಅವರಿಬ್ಬರ ನಡುವಿನ ಮಾತುಕತೆ ಬಹುಮಟ್ಟಿಗೆ ಇಷ್ಟೇ. ಭಾವ ಹೋದ ವರ್ಷ ತೀರಿಕೊಂಡರು, ಮೋಟಾರು ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಉಳಿಯಿತು.

ಒಂದು ಭಾನುವಾರ ಅಕ್ಕ ಅವನನ್ನು ಕರೆಸಿದಳು. ಅವಳು ಬಟ್ಟೆ ಹೊಲಿಯುವವಳು. ಸರೋವರದ ಕಡೆಗೆ ತೆರೆದ ಕಿಟಕಿಯ ಪಕ್ಕ ಅವಳ ಹೊಲಿಗೆ ಯಂತ್ರ. ಅಲ್ಲಿಂದ ದೋಣಿ ಕಟ್ಟುವ ಕಟ್ಟೆ ಕಾಣುತ್ತಿತ್ತು, ಕಟ್ಟೆಯಿಂದ ಮನೆಗೆ ಹತ್ತುವ ಮೆಟ್ಟಿಲೂ ಕಾಣುತ್ತಿತ್ತು.

“ನಿನ್ನ ಭಾವನ ಮೋಟಾರ್ ಒಂದ್ಸಲ ಓಡಿಸ್ತೀಯಾ?” ಎಂದಳು. “ಅವರು ಬರೋ ಸದ್ದು ನಂಗೆ ಇಲ್ಲಿಂದಾನೇ ಗೊತ್ತಾಗ್ತಿತ್ತು. ಆ ಸದ್ದು ಕೇಳಿದ್ಮೇಲೇ ನಾನು ಮಷೀನ್ ನಿಲ್ಸಿ ಒಲೆ ಹಚ್ಚೋಳು. ಈಗೀಗ ಅದು ಹೆಂಗಿತ್ತು ಅಂತ ನೆನಪು ಮಾಡ್ಕೊಳಕ್ಕೆ ಹೋದ್ರೆ ಸಿಗಲ್ಲ ಕಣೋ. ದಿನಾ ಸ್ವಲ್ಪ ಸ್ವಲ್ಪ ಮರ್ತೋಗ್ತಾ ಇದೀನಿ ಅನ್ಸುತ್ತೆ. ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಕೇಳಿಸ್ಬಿಡು.”

ಇಷ್ಟು ಸರಳವಾದ ಮಾತು. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲು ಡಾಕ್ಟರನೇ ಆಗಬೇಕಿರಲಿಲ್ಲ, ಬರೀ ತಮ್ಮನಾಗಿದ್ದರೆ ಸಾಕಿತ್ತು. ಆದರೆ ಅವನ ಕಿವಿಗೆ ಬಿದ್ದದ್ದು ‘ಮೋಟಾರು’ ಎಂಬ ಪದವೊಂದೇ.

ಅವತ್ತೇ ಹಗ್ಗ ಸುತ್ತಿ ಎಳೆದಿದ್ದರೆ ಅದು ಬಹುಶಃ ಹೊತ್ತಿಕೊಳ್ಳುತ್ತಿತ್ತು. ಆದರೆ ಬಳಗದ ಮೊದಲ ನಿಯಮವೆಂದರೆ, ಮೂಲೆ ಸೇರಿದ್ದ ಮೋಟಾರನ್ನು ಬಿಚ್ಚಿ ನೋಡದೆ ಎಳೆಯಬಾರದು. ಒಳಗೆ ತುಕ್ಕು ಕೂತಿದ್ದರೆ ಸಿಲಿಂಡರಿನ ಗೋಡೆ ಗೀಚಿಹೋಗುತ್ತದೆ. ನಿಯಮ ಮಾಡಿದವನು ಅವನೇ, ಮೀರುವುದು ಹೇಗೆ? ಗೂರಲಜ್ಜನನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಮಗುವಿನಂತೆ ಮನೆಗೆ ಹೊತ್ತು ತಂದ.

ಬಿಚ್ಚಿದಾಗ ಒಳಗೆ ಕಂಡದ್ದಕ್ಕೆ ಅವನು ಹಣೆ ಹಣೆ ಚಚ್ಚಿಕೊಂಡ. ಸಿಲಿಂಡರಿನ ಸಂದಿಗೆ ಸರಿಯಾದ ಗ್ಯಾಸ್ಕೆಟ್ ಬದಲು ಸಿಮೆಂಟು ಚೀಲದ ಕಾಗದ. ಪೆಟ್ರೋಲು ಬರುವ ಕೊಳವೆಗೆ ಸೈಕಲ್ ಟ್ಯೂಬಿನ ಪಟ್ಟಿ. ಪ್ಲಗ್ಗಿನ ಕೆಳಗೆ ಡಬ್ಬಿಯ ಮುಚ್ಚಳ ಬಡಿದು ಮಾಡಿದ ಬಿಲ್ಲೆ. ಕಾರ್ಬೊರೇಟರಿನ ತಿರುಪು ಅಲುಗಾಡದಂತೆ ಹಿಡಿದದ್ದು ಮುರಿದ ಬೆಂಕಿಕಡ್ಡಿ, ಅದರ ಪಕ್ಕದಲ್ಲಿ ಎಲ್ಲಿಂದಲೋ ತಂದ ಒಂದು ಪುಟ್ಟ ಸ್ಪ್ರಿಂಗು. ಎಲ್ಲವನ್ನೂ ಚಿಮಟದಿಂದ ಕಿತ್ತು, ಹಲ್ಲಿನ ಅಚ್ಚು ಉಜ್ಜಿದ ಪ್ಲಾಸ್ಟರ್ ಪುಡಿಯ ಜೊತೆ ಕಸಕ್ಕೆ ಸುರಿದ. ಇಂಥ ಹರಕುಮುರುಕು ಕಟ್ಟಿಕೊಂಡು ಭಾವ ಇಷ್ಟು ವರ್ಷ ಸರೋವರ ದಾಟಿದ್ದಾದರೂ ಹೇಗೆ ಎಂದು ಮನಸ್ಸಿನಲ್ಲೇ ನಕ್ಕ.

ಮುಂದಿನ ವಾರಗಳಲ್ಲಿ ಊರಿನ ಅದೆಷ್ಟೋ ಬಾಯಿಗಳು ಹಲ್ಲಿಗಾಗಿ ಕಾದು ಕೂತವು. ಹಲ್ಲಿನ ಸೆಟ್ಟಿಗೆ ಹೊಳಪು ಕೊಡುವ ಪುಡಿಯಿಂದ ಅವನು ಗೂರಲಜ್ಜನ ಟ್ಯಾಂಕು ಉಜ್ಜಿದ. ಹಲ್ಲು ಕೊರೆಯುವ ಸಣ್ಣ ಡ್ರಿಲ್ಲಿನಿಂದ ಕಾರ್ಬೊರೇಟರಿನ ತೂತು ತಿದ್ದಿದ. “ಆ ಅಜ್ಜಿ ಫೋನ್ ಮಾಡಿದ್ರು, ಇನ್ನೂ ಗಂಜೀನೇ ಕುಡೀತಿದಾರಂತೆ” ಎಂದು ಹೆಂಡತಿ ಹೇಳಿದ್ದು ಗೋಡೆಗೆ ಹೇಳಿದ ಹಾಗಾಯಿತು. ಕೊನೆಗೆ ಡ್ರಮ್ಮಿನಲ್ಲಿ ಓಡಿಸಿ ನೋಡಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿತು. ಗೂರಲಜ್ಜನಿಗೆ ಹರೆಯ ಬಂದಿತ್ತು. ಬೇಕರಿಯವನು ಬಂದು ನೋಡಿ ಹೊಟ್ಟೆ ಉರಿದುಕೊಂಡದ್ದು ಬೇರೆ ಲಾಭ.

ಮೋಟಾರನ್ನು ಅಕ್ಕನ ಮನೆಯ ಕಟ್ಟೆಗೆ ತಂದು ಭಾವನ ದೋಣಿಗೆ ಸಿಕ್ಕಿಸಿದ. ದೋಣಿಯನ್ನು ಮುಂದೆ ಒಂದು, ಹಿಂದೆ ಒಂದು, ಧೈರ್ಯಕ್ಕೆ ಮತ್ತೊಂದು ಹಗ್ಗ ಹಾಕಿ ಗೂಟಕ್ಕೆ ಬಿಗಿದ. ಅಕ್ಕ ಕಿಟಕಿಯ ಬಳಿ ತನ್ನ ಜಾಗದಲ್ಲಿ ಕೂತಳು. ಒಂದೇ ಎಳೆತಕ್ಕೆ ಮೋಟಾರು ಹೊತ್ತಿಕೊಂಡಿತು. ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಮೆಟ್ಟಿಲನ್ನು ಹಾರಿ ಹಾರಿ ಹತ್ತಿ ಹೊಗಳಿಕೆಗೆ ಮುಖ ಒಡ್ಡಿಕೊಂಡು ನಿಂತ.

ಅಕ್ಕ ಇನ್ನೂ ಕಾಯುತ್ತಿದ್ದಳು. “ಕೆಮ್ಮಲೇ ಇಲ್ವಲ್ಲೋ” ಎಂದಳು.

“ಇನ್ನು ಕೆಮ್ಮೋ ಪ್ರಶ್ನೇನೇ ಇಲ್ಲಕ್ಕ” ಎಂದು ಎದೆಯುಬ್ಬಿಸಿದ. “ಆ ರೋಗ ಬುಡಸಮೇತ ಕಿತ್ತೆ.”

ಅಕ್ಕ ಮಷೀನಿನ ಮೇಲಿದ್ದ ತುಂಡುಬಟ್ಟೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಅವಳ ಮುಖ ನೋಡಿದ ಮೇಲೆ ಆ ಪಂಡಿತನ ತಲೆಗೆ ವಿಷಯ ಇಳಿಯಿತು. ಅವಳು ಕೇಳಿದ್ದು ಮೋಟಾರನ್ನಲ್ಲ. ಆ ಕೆಮ್ಮನ್ನು. ಪ್ರಪಂಚದಲ್ಲಿ ಅದು ಉಳಿದಿದ್ದದ್ದು ಒಂದೇ ಕಡೆ, ಅಲ್ಲಿಂದ ಅದನ್ನು ಚಿಮಟದಲ್ಲಿ ಹೆಕ್ಕಿ ಹೆಕ್ಕಿ ಹೊರಗೆಸೆದವನು ತಾನು.

“ಒಳಗಿದ್ದ ಸಾಮಾನೆಲ್ಲ ಎಸ್ದುಬಿಟ್ಟೆ ಅಕ್ಕ” ಎಂದ. “ಕಾಗದ, ಟ್ಯೂಬು, ಒಂದು ಚಿಕ್ಕ ಸ್ಪ್ರಿಂಗು…”

“ಸ್ಪ್ರಿಂಗಾ?” ಅಕ್ಕ ತಲೆಯೆತ್ತಿದಳು. “ನನ್ನ ಮಷೀನಿಂದು. ಅದಕ್ಕೋಸ್ಕರ ನಾನು ಇಡೀ ಮನೆ ಹುಡುಕಿದೀನಿ. ಅವರೂ ಜೊತೇಲಿ ಹುಡುಕಿದ್ರು, ಗೊತ್ತಾ?” ಎಂದು ನಗಲು ಹೋದವಳಿಗೆ ನಗು ಅರ್ಧಕ್ಕೇ ನಿಂತಿತು.

ಕಸ ಎಂದೋ ಊರಾಚೆ ಸೇರಿತ್ತು. ಅವನು ಬಳಗದ ಮುಂದೆ ಇಂಗು ತಿಂದ ಮಂಗನಂತೆ ನಿಂತು ನಡೆದದ್ದನ್ನು ಹೇಳಿಕೊಂಡ. ನಗುತ್ತಾರೆ ಅಂದುಕೊಂಡಿದ್ದ, ಯಾರೂ ನಗಲಿಲ್ಲ. ಮರುದಿನ ಎಲ್ಲರೂ ಪೆಟ್ಟಿಗೆಗಳ ಸಮೇತ ಅಕ್ಕನ ಕಟ್ಟೆಗೆ ಬಂದರು. ಜೀವಮಾನವಿಡೀ ಮೋಟಾರುಗಳನ್ನು ರಿಪೇರಿ ಮಾಡಿದವರು, ಅವತ್ತು ಮೊದಲ ಸಲ ಒಂದನ್ನು ಕೆಡಿಸಲು ಪೈಪೋಟಿಗೆ ಬಿದ್ದರು.

ಬ್ಯಾಂಕಿನವರು ಸಿಮೆಂಟು ಚೀಲ ಹುಡುಕಿ ತಂದು, ತಪ್ಪಾದ ಗ್ಯಾಸ್ಕೆಟ್ಟನ್ನು ಅಳತೆಪಟ್ಟಿ ಇಟ್ಟು ಅಚ್ಚುಕಟ್ಟಾಗಿ ಕತ್ತರಿಸಿದರು. ಬೇಕರಿಯವನು ಪೆಟ್ರೋಲಿಗೆ ಹೆಚ್ಚು ಎಣ್ಣೆ ಸುರಿದ. ಡಾಕ್ಟರ್ ಪೇಟೆಯಿಂದ ಹೊಲಿಗೆ ಯಂತ್ರದ ಸ್ಪ್ರಿಂಗು ತಂದು ಬೆಂಕಿಕಡ್ಡಿಯ ಪಕ್ಕದಲ್ಲಿಟ್ಟ. ಪ್ರತಿ ಸಲ ಮೋಟಾರು ಓಡಿಸುವುದು, ಅವನು ಮೆಟ್ಟಿಲು ಹತ್ತಿ ಕಿಟಕಿಯ ಬಳಿ ಹೋಗುವುದು, ಅಕ್ಕ ಅಲ್ಲವೆಂದು ತಲೆಯಾಡಿಸುವುದು.

“ಇದು ಎಮ್ಮೆ ನೀರು ಕುಡ್ದಂಗಿದೆ.”

ಕೆಳಗಿಳಿದು ಹೇಳಿದರೆ ಬೇಕರಿಯವನ ಮುಖ ಸಪ್ಪಗಾಗುತ್ತಿತ್ತು. ಮತ್ತೆ ತಿರುಪು, ಮತ್ತೆ ಹಗ್ಗ, ಮತ್ತೆ ಮೆಟ್ಟಿಲು.

“ಇದು ತೀರಾ ಕಾಯಿಲೆ ಬಿದ್ದೋರ ಕೆಮ್ಮು. ಅವರದ್ದು ಹಂಗಲ್ಲ, ಮನೆಯೊಳಗೆ ಬರೋಕೆ ಮುಂಚೆ ಗಂಟಲು ಸರಿ ಮಾಡ್ಕೋತಾರಲ್ಲ, ಹಂಗೆ.”

ಆ ವಿವರಣೆಯನ್ನು ಅವನು ಕೆಳಗೆ ಹೊತ್ತು ತಂದು ಒಪ್ಪಿಸಿದಾಗ, ಗಂಟಲು ಸರಿಮಾಡಿಕೊಳ್ಳಲು ಪ್ಲಗ್ಗಿನ ಸಂದು ಎಷ್ಟಿರಬೇಕು ಎಂಬ ಬಗ್ಗೆ ದೊಡ್ಡ ಚರ್ಚೆಯೇ ಎದ್ದಿತು. ಇಷ್ಟೆಲ್ಲ ಮಾಡಿದರೂ ಮೋಟಾರು ಒಂದೋ ಓಡುತ್ತಿತ್ತು, ಇಲ್ಲ ನಿಲ್ಲುತ್ತಿತ್ತು. ಕೆಡಿಸುವುದಕ್ಕೂ ಕೈಗುಣ ಬೇಕು ಎಂದು ಅವನಿಗೆ ಆಗ ಅರಿವಾಯಿತು. ಭಾವನಿಗೆ ಅದಿತ್ತು, ತನಗಿಲ್ಲ. ಭಾವನ ಮೇಲೆ ಅವನಿಗೆ ಮೊದಲ ಬಾರಿ ಹುಟ್ಟಿದ ಗೌರವ ಇದು, ಅದೂ ಅವರು ಕೇಳಿಸಿಕೊಳ್ಳಲಾಗದ ಕಾಲಕ್ಕೆ.

ಸಂಜೆಯಾಗುತ್ತಿದ್ದಂತೆ ಗೆಳೆಯರು ಒಬ್ಬೊಬ್ಬರಾಗಿ ಪೆಟ್ಟಿಗೆ ಮುಚ್ಚಿದರು. ಬ್ಯಾಂಕಿನವರು ಹೋಗುವಾಗ ಅವನ ಬೆನ್ನು ತಟ್ಟಿದರು. ಅವನು ಕೈಗೆ ಮೆತ್ತಿದ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೇಲೆ ಬಂದು, ಅಕ್ಕನ ಮಷೀನಿನ ಪಕ್ಕ ನೆಲದ ಮೇಲೆ ಕೂತ.

“ಆಗಲಿಲ್ಲ ಅಕ್ಕ. ಹಾಳು ಮಾಡ್ಬಿಟ್ಟೆ.”

“ಹಾಳಾಗಿಲ್ವಲ್ಲೋ, ಅದೇ ಅಲ್ವಾ ತೊಂದ್ರೆ” ಎಂದಳು ಅಕ್ಕ.

ಅವನಿಗೆ ಅಳು ಬಂದಂತಾಯಿತು. ಅದನ್ನು ಮರೆಸಲು ಬಾಯಿಗೆ ಬಂದದ್ದು ಮಾತಾಡಿದ. “ಟರ್ ಟರ್ ಟರ್ ಅಂತ ಬಂದು, ಆಮೇಲೆ ಖೊಕ್ ಖೊಕ್ ಖೊಕ್ ಅಂತಿತ್ತು. ಅಷ್ಟೇ ಅಲ್ವಾ?” ಎಂದು ತುಟಿ ನಡುಗಿಸಿ, ಕೆನ್ನೆ ಊದಿಸಿ, ಬಾಯಲ್ಲೇ ಮೋಟಾರು ಓಡಿಸಿದ. ಐವತ್ತು ದಾಟಿದ ಗಂಡಸು ನೆಲದ ಮೇಲೆ ಕೂತು ಉಗುಳು ಸಿಡಿಸುತ್ತ ದೋಣಿಯಾಗಿದ್ದ. ಬಳಗದವರು ಬೇಗ ಹೋದದ್ದು ಒಳ್ಳೆಯದಾಯಿತು.

“ಥೂ, ಹಂಗಲ್ಲ ಕಣೋ” ಎಂದಳು ಅಕ್ಕ. “ಖೊಕ್ ಅಂತ ಒಂದೇ ಸಮ ಎಲ್ಲಿತ್ತು?”

ಅವನು ಇನ್ನೊಂದು ಥರ ಮಾಡಿದ. ಅದೂ ಅಲ್ಲ. ಮತ್ತೊಂದು. “ಅಯ್ಯೋ, ನೀನು ಸುಮ್ನಿರು” ಎಂದು ಅಕ್ಕ ಕೈಯಲ್ಲಿದ್ದ ಬಟ್ಟೆ ಪಕ್ಕಕ್ಕಿಟ್ಟಳು. ಕಿಟಕಿಯಾಚೆ ನೀರಿನ ಕಡೆ ನೋಡುತ್ತ, ತುಟಿ ಮುಚ್ಚಿಕೊಂಡು, ಗಂಟಲಿನಲ್ಲೇ ಸಣ್ಣಗೆ ಶುರುಮಾಡಿದಳು.

ಮೊದಲು ಕೇಳಿಯೂ ಕೇಳದಷ್ಟು ದೂರದಲ್ಲಿತ್ತು. ಅದು ಬರಬರುತ್ತ ಹತ್ತಿರವಾಯಿತು. ಸರೋವರದ ನಡುವಿನ ಬಂಡೆಯ ಮರೆಗೆ ಬಂದಲ್ಲಿ ಸದ್ದು ಅಡಗಿ ಮತ್ತೆ ಹೊರಬಿತ್ತು. ಕಟ್ಟೆ ಸಮೀಪಿಸಿದಾಗ ನಿಧಾನವಾಗಿ, ಒಂದು ಗಟ್ಟಿ ಕೆಮ್ಮು. ಒಂದು ಉಸಿರಿನಷ್ಟು ಬಿಡುವು. ಆಮೇಲೆ ಒಂದರ ಬೆನ್ನಿಗೊಂದು ಎರಡು ಸಣ್ಣ ಕೆಮ್ಮು, ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವವರ ಹಾಗೆ. ಸದ್ದು ನಿಂತಿತು. ಅಕ್ಕ ಅಲ್ಲಿಗೆ ಮುಗಿಸಲಿಲ್ಲ. ದೋಣಿ ಕಟ್ಟಲು ಬೇಕಾಗುವಷ್ಟು ಹೊತ್ತು ಸುಮ್ಮನಿದ್ದು, ಮೆಟ್ಟಿಲಿನ ಕಡೆ ತಿರುಗಿ, “ಬಂದ್ರು” ಎಂದಳು.

ಅವನೂ ಮೆಟ್ಟಿಲಿನ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಭಾವ ಸತ್ತ ದಿನ ಎಲ್ಲರ ಜೊತೆ ಶಾಸ್ತ್ರಕ್ಕೆಂಬಂತೆ ಅತ್ತಿದ್ದವನು, ಈಗ ಮೊಣಕಾಲಿಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಎಷ್ಟು ಸಲ ಈ ಮನೆಗೆ ಬಂದಿದ್ದರೂ ಆ ಮನುಷ್ಯ ಮನೆಗೆ ಬರುವ ಸದ್ದನ್ನು ಅವನು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಅವನಿಗೆ ಕೇಳುತ್ತಿದ್ದದ್ದು ಕೆಟ್ಟ ಕಾರ್ಬೊರೇಟರು ಮಾತ್ರ.

“ಮರ್ತಿಲ್ಲ ಕಣೋ” ಎಂದಳು ಅಕ್ಕ, ತನಗೇ ಆಶ್ಚರ್ಯವಾದಂತೆ. ಕಣ್ಣಿನಲ್ಲಿ ನೀರು ತುಂಬಿದ್ದರೂ ಅವಳ ಮುಖ ಹಗುರಾಗಿತ್ತು. “ನೋಡು, ಒಂಚೂರೂ ಮರ್ತಿಲ್ಲ ನಾನು.”

“ಇನ್ನೊಂದ್ಸಲ ಮಾಡಕ್ಕ” ಎಂದ ಅವನು ಮೂಗು ಒರೆಸಿಕೊಳ್ಳುತ್ತ.

ಅಕ್ಕ ಸೆರಗು ಸರಿಮಾಡಿಕೊಂಡು ನೀರಿನ ಕಡೆ ತಿರುಗಿ, ಮತ್ತೆ ಆಚೆ ದಡದಿಂದ ಶುರುಮಾಡಿದಳು.